ನೋವು ಒಂದು ಕಡೆ, ಮೂಲ ಇನ್ನೊಂದು ಕಡೆ

(ಮಲೆನಾಡಿನ ತಾಲ್ಲೂಕು ಆಸ್ಪತ್ರೆಗಳಲ್ಲಿ ಸರ್ಜನ್ ಆಗಿದ್ದು ನಿವೃತ್ತರಾದ ವೈದ್ಯೆಯೊಬ್ಬರು ಓದುಗರ ಪ್ರಶ್ನೆಗಳಿಗೆ ಉತ್ತರಿಸುತ್ತಾರೆ)

ಈ ಸಲ ಬಂದ ಪತ್ರಗಳನ್ನು ಒಟ್ಟಿಗೆ ಓದಿದಾಗ ಒಂದು ವಿಷಯ ಎದ್ದು ಕಂಡಿತು. ಎಲ್ಲರೂ ನೋವಿರುವ ಜಾಗದಲ್ಲೇ ಕಾಯಿಲೆಯನ್ನು ಹುಡುಕುತ್ತಿದ್ದೀರಿ. ಕೈಕಾಲಿನ ಮಟ್ಟಿಗೆ ಇದು ಸರಿ. ಮುಳ್ಳು ಚುಚ್ಚಿದ ಕಡೆಯೇ ನೋಯುತ್ತದೆ. ಒಳಗಿನ ಅಂಗಗಳ ಲೆಕ್ಕ ಬೇರೆ. ಇದು ಗೊತ್ತಿಲ್ಲದೆ ತಡವಾಗಿ ಆಸ್ಪತ್ರೆಗೆ ಬಂದವರನ್ನು ನಾನು ಬಹಳ ನೋಡಿದ್ದೇನೆ. ಅದಕ್ಕೇ ಈ ತಿಂಗಳು ಅಂಥ ಪ್ರಶ್ನೆಗಳನ್ನೇ ಆರಿಸಿಕೊಂಡಿದ್ದೇನೆ.

ಪ್ರಶ್ನೆ: ಅಪ್ಪನಿಗೆ 58 ವರ್ಷ, ಸಕ್ಕರೆ ಕಾಯಿಲೆ ಇದೆ. ಒಂದು ರಾತ್ರಿ ಊಟವಾದ ಮೇಲೆ ಹೊಟ್ಟೆಯ ಮೇಲ್ಭಾಗದಲ್ಲಿ ಒತ್ತಿದ ಹಾಗಾಯಿತು. ಎಡಗೈ ಸೆಳೆಯಿತು, ಮೈಯೆಲ್ಲ ಬೆವರಿತು. ಗ್ಯಾಸ್ಟ್ರಿಕ್ ಇರಬೇಕು ಅಂತ ಸೋಡಾ ಕುಡಿಸಿ ಮಲಗಿಸಿದೆವು. ಬೆಳಿಗ್ಗೆ ಆಸ್ಪತ್ರೆಯಲ್ಲಿ ಹಾರ್ಟ್ ಅಟ್ಯಾಕ್ ಅಂದರು. ಈಗ ಚೇತರಿಸಿಕೊಂಡಿದ್ದಾರೆ. ಎದೆ ನೋಯಲೇ ಇಲ್ಲ ಅನ್ನುತ್ತಾರೆ ಅವರು. ಹೃದಯದ ತೊಂದರೆ ಹೊಟ್ಟೆಗೂ ಕೈಗೂ ಹೇಗೆ ಬಂತು ಮೇಡಂ?
(ಓದುಗರು, ಹಾವೇರಿ ಜಿಲ್ಲೆ)

ಉತ್ತರ: ಅಪ್ಪ ಉಳಿದುಕೊಂಡರಲ್ಲ, ಮೊದಲು ಅದಕ್ಕೆ ಸಂತೋಷ.

ಹೃದಯ ಅಂದರೆ ಮುಷ್ಟಿ ಗಾತ್ರದ ಮಾಂಸದ ಚೀಲ. ತೂಕ ಸುಮಾರು 300 ಗ್ರಾಂ. ದಿನಕ್ಕೆ ಹತ್ತಿರ ಹತ್ತಿರ 1 ಲಕ್ಷ ಸಲ ಬಡಿಯುತ್ತದೆ. ಸುಮ್ಮನೆ ಕೂತಿರುವಾಗಲೂ ನಿಮಿಷಕ್ಕೆ ಸುಮಾರು 5 ಲೀಟರ್ ರಕ್ತವನ್ನು ಮೈಗೆಲ್ಲ ತಳ್ಳುತ್ತದೆ. ಒಳಗೆ ಅಷ್ಟು ರಕ್ತ ತುಂಬಿದ್ದರೂ ಹೃದಯದ ಮಾಂಸಕ್ಕೆ ಅದು ನೇರವಾಗಿ ದಕ್ಕುವುದಿಲ್ಲ. ಹೃದಯದಿಂದ ಹೊರಡುವ ದೊಡ್ಡ ರಕ್ತನಾಳದ ಬುಡದಲ್ಲೇ ಎರಡು ಸಣ್ಣ ಕವಲುಗಳು ಒಡೆದು, ತಿರುಗಿ ಬಂದು ಹೃದಯವನ್ನು ಹೊರಗಿನಿಂದ ಸುತ್ತುತ್ತವೆ. ಹೃದಯದ ಊಟ ಅಲ್ಲಿಂದ. ಇವುಗಳಲ್ಲಿ ಒಂದರಲ್ಲಿ ರಕ್ತ ಹೆಪ್ಪುಗಟ್ಟಿದರೆ ಆ ಭಾಗದ ಮಾಂಸಕ್ಕೆ ಆಮ್ಲಜನಕ ನಿಂತುಹೋಗುತ್ತದೆ. ಅದೇ ಹಾರ್ಟ್ ಅಟ್ಯಾಕ್.

ಈಗ ನಿಮ್ಮ ಪ್ರಶ್ನೆಗೆ ಬರೋಣ. ಹೃದಯಕ್ಕೂ ನೋವಿನ ನರಗಳಿವೆ. ಅವು ಎದೆಯ ಮಟ್ಟದಲ್ಲಿ, ಬೆನ್ನುಹುರಿಯ ಮೇಲಿನ ಕೆಲವು ಭಾಗಗಳಿಗೆ ಹೋಗಿ ಸೇರುತ್ತವೆ. ಎದೆಯ ಚರ್ಮದ ನರಗಳೂ ತೋಳಿನ ಒಳಬದಿಯ ನರಗಳೂ ಬಂದು ಸೇರುವುದು ಅದೇ ಭಾಗಗಳಿಗೆ. ಅಲ್ಲಿಂದ ಮಿದುಳಿಗೆ ಹೋಗುವ ದಾರಿ ಇಬ್ಬರಿಗೂ ಒಂದೇ. ಒಂದೇ ಫೋನ್ ನಂಬರಿನಿಂದ ಎರಡು ಮನೆಯವರು ಕರೆ ಮಾಡಿದ ಹಾಗೆ ಇದು. ಒಬ್ಬರು ದಿನಾ ಮಾಡುತ್ತಾರೆ, ಇನ್ನೊಬ್ಬರು ಜನ್ಮಕ್ಕೊಮ್ಮೆ. ಫೋನ್ ರಿಂಗ್ ಆದ ಕೂಡಲೇ ದಿನಾ ಮಾಡುವವರೇ ಅಂದುಕೊಳ್ಳುತ್ತೇವೆ, ಅಲ್ವಾ? ಚರ್ಮದಿಂದಲೂ ತೋಳಿನಿಂದಲೂ ಮಿದುಳಿಗೆ ಸದಾ ಸುದ್ದಿ ಬರುತ್ತಿರುತ್ತದೆ. ಹೃದಯದಿಂದ ನೋವಿನ ಸುದ್ದಿ ಬರುವುದು ಬಲು ಅಪರೂಪ. ಹಾಗಾಗಿ ಮಿದುಳು ತೋಳು ನೋಯುತ್ತಿದೆ ಅಂದುಕೊಳ್ಳುತ್ತದೆ. ಕೆಲವರಿಗೆ ಬಲಗೈ ಸೆಳೆಯುತ್ತದೆ. ಕೆಲವರಿಗೆ ದವಡೆ, ಕತ್ತು, ಬೆನ್ನಿನ ನಡು. ಹಲ್ಲುನೋವು ಅಂತ ದಂತವೈದ್ಯರ ಹತ್ತಿರ ಹೋದವರೂ ಉಂಟು.

ಇನ್ನು ಹೊಟ್ಟೆ. ಎದೆಗೂ ಹೊಟ್ಟೆಗೂ ನಡುವೆ ವಪೆ ಅನ್ನುವ ತೆಳ್ಳನೆಯ ಮಾಂಸದ ಪರದೆ ಇದೆ. ಹೃದಯದ ಕೆಳಗೋಡೆ ಅದರ ಮೇಲೆ ಕೂತಿರುತ್ತದೆ. ಪರದೆಯ ಆಚೆಗೇ ಜಠರ. ಕೆಳಗೋಡೆಗೆ ಏಟು ಬಿದ್ದರೆ ಹೊಟ್ಟೆಯ ಮೇಲ್ಭಾಗದಲ್ಲಿ ಒತ್ತಡ, ವಾಕರಿಕೆ, ವಾಂತಿ ಬರಬಹುದು. ಇದನ್ನೇ ಜನ ಗ್ಯಾಸ್ಟ್ರಿಕ್ ಅನ್ನುವುದು. ಈ ಒಂದು ಪದದಿಂದ ಎಷ್ಟು ಮನೆಗಳಲ್ಲಿ ಹೊತ್ತು ಮೀರಿದೆಯೋ ನೆನೆಸಿಕೊಂಡರೆ ಈಗಲೂ ಸಂಕಟವಾಗುತ್ತದೆ.

ಮತ್ತೊಂದು ಮಾತು. ಬಹಳ ಕಾಲದಿಂದ ಸಕ್ಕರೆ ಕಾಯಿಲೆ ಇದ್ದರೆ ನರಗಳೇ ಮಂದವಾಗಿರುತ್ತವೆ. ಅಂಥವರಿಗೆ ಅಟ್ಯಾಕ್ ಆದರೂ ಎದೆ ನೋಯದೇ ಇರಬಹುದು. ಬರೀ ಬೆವರು, ಏದುಸಿರು, ವಿಪರೀತ ಸುಸ್ತು, ಅಷ್ಟೇ. ಹೆಂಗಸರಲ್ಲೂ ವಯಸ್ಸಾದವರಲ್ಲೂ ಇದು ಜಾಸ್ತಿ.

ನಡು ವಯಸ್ಸು ದಾಟಿದವರಿಗೆ, ಅದರಲ್ಲೂ ಸಕ್ಕರೆ, ಬಿಪಿ, ಬೀಡಿ ಸಿಗರೇಟು ಇದ್ದವರಿಗೆ ದವಡೆಯಿಂದ ಹೊಕ್ಕುಳಿನವರೆಗೆ ಎಲ್ಲಿ ಒತ್ತಿದ ಹಾಗಾಗಿ ಬೆವರಿದರೂ ಮೊದಲು ಇಸಿಜಿ. ಸೋಡಾ ಆಮೇಲೆ. 108ಕ್ಕೆ ಕರೆ ಮಾಡಿ. ರಕ್ತ ನಿಂತ ಅರ್ಧ ಗಂಟೆಯ ಸುಮಾರಿಗೆ ಹೃದಯದ ಮಾಂಸ ಸಾಯಲು ಶುರುವಾಗುತ್ತದೆ. ಬೆಳಗಾಗಲಿ ನೋಡೋಣ ಅಂತ ಕಾಯುವ ಹಾಗಿಲ್ಲ. ನಮ್ಮ ರಾಜ್ಯದಲ್ಲಿ ಈಗ ಪುನೀತ್ ರಾಜ್‌ಕುಮಾರ್ ಹೃದಯ ಜ್ಯೋತಿ ಯೋಜನೆ ಇದೆ. ಇದರಲ್ಲಿ ತಾಲ್ಲೂಕು ಆಸ್ಪತ್ರೆಯಲ್ಲಿ ತೆಗೆದ ಇಸಿಜಿಯನ್ನು ದೂರದ ಹೃದಯ ತಜ್ಞರು ನೋಡಿ ಹೇಳುತ್ತಾರೆ. ಹೆಪ್ಪು ಕರಗಿಸುವ ದುಬಾರಿ ಇಂಜೆಕ್ಷನ್ನನ್ನು ಅಲ್ಲೇ ಉಚಿತವಾಗಿ ಕೊಡುತ್ತಾರೆ. ನಿಮ್ಮ ತಾಲ್ಲೂಕಿನಲ್ಲಿ ಇದೆಯಾ ಅಂತ ಇವತ್ತೇ ವಿಚಾರಿಸಿಟ್ಟುಕೊಳ್ಳಿ. ಮೊದಲ ಇಸಿಜಿ ಸರಿಯಾಗಿದ್ದು ಅರ್ಧ ಗಂಟೆಯ ಮೇಲೆ ತೆಗೆದದ್ದರಲ್ಲಿ ಅಟ್ಯಾಕ್ ಕಾಣುವುದೂ ಉಂಟು. ಹಾಗಾಗಿ ನೋವು ಹೋಗದಿದ್ದರೆ ಮನೆಗೆ ಹೊರಡಬೇಡಿ. ಇನ್ನೊಂದು ಸಲ ತೆಗೆಯಿರಿ ಅಂತ ಕೇಳಿ. ಕೇಳಲು ಸಂಕೋಚ ಬೇಡ.

ಪ್ರಶ್ನೆ: ನಮ್ಮ ತೋಟದ ಕೊನೆಗೌಡರು (ಮರ ಹತ್ತಿ ಅಡಿಕೆ ಗೊನೆ ಇಳಿಸುವವರು) ಅಡಿಕೆ ಮರದಿಂದ ಜಾರಿ ಬಿದ್ದರು. ಎಡ ಹೆಗಲು ನೋವು ಅಂದರು. ಹೆಗಲಿನ ಎಕ್ಸ್‌ರೇಯಲ್ಲಿ ಏನೂ ಕಾಣಲಿಲ್ಲ. ಡಾಕ್ಟರು ಹೊಟ್ಟೆಯ ಸ್ಕ್ಯಾನ್ ಮಾಡಿಸಿ, ಗುಲ್ಮ ಒಡೆದಿದೆ ಅಂತ ರಾತ್ರೋರಾತ್ರಿ ಆಪರೇಷನ್ ಮಾಡಿ ತೆಗೆದರು. ಹೆಗಲಿಗೂ ಗುಲ್ಮಕ್ಕೂ ಏನು ಸಂಬಂಧ?
(ಓದುಗರು, ಶಿರಸಿ ಕಡೆಯವರು)

ಉತ್ತರ: ಆ ಡಾಕ್ಟರಿಗೆ ನನ್ನ ನಮಸ್ಕಾರ ತಿಳಿಸಿ. ಅಡಿಕೆ ಸೀಮೆಯಲ್ಲಿ ಕೆಲಸ ಮಾಡಿದ ಸರ್ಜನ್‌ಗಳಿಗೆ ಈ ಎಡ ಹೆಗಲಿನ ನೋವು ಕೇಳಿದರೆ ಕಿವಿ ನಿಮಿರುತ್ತದೆ.

ಗುಲ್ಮ ಇರುವುದು ಎಡಗಡೆ, ಕೆಳಗಿನ ಪಕ್ಕೆಲುಬುಗಳ ಮರೆಯಲ್ಲಿ. ಮುಷ್ಟಿಯಷ್ಟಿದ್ದು ಬಹಳ ಮೆದುವಾಗಿರುತ್ತದೆ. ಹಳೆಯ ಕೆಂಪು ರಕ್ತಕಣಗಳನ್ನು ಸೋಸಿ ಒಡೆಯುವುದು, ರಕ್ತಕ್ಕೆ ನುಗ್ಗಿದ ಕೆಲವು ಬ್ಯಾಕ್ಟೀರಿಯಾಗಳನ್ನು ಹಿಡಿಯುವುದು ಅದರ ಕೆಲಸ. ರಕ್ತ ಸದಾ ತುಂಬಿರುವ ಜಾಗ. ಪಕ್ಕೆಗೆ ಜೋರಾಗಿ ಪೆಟ್ಟು ಬಿದ್ದರೆ ಸೀಳುತ್ತದೆ. ಸೋರಿದ ರಕ್ತ ಮೇಲೆ ಹೋಗಿ ವಪೆಯ ಅಡಿಯಲ್ಲಿ ನಿಲ್ಲುತ್ತದೆ, ಅದನ್ನು ಕೆರಳಿಸುತ್ತದೆ.

ವಪೆಯ ನರ ಎಲ್ಲಿಂದ ಬರುತ್ತದೆ ಗೊತ್ತಾ? ಕತ್ತಿನಿಂದ! ಬೆನ್ನುಹುರಿಯ ಕತ್ತಿನ ಭಾಗದಿಂದ ಹೊರಟು, ಇಡೀ ಎದೆಯನ್ನು ಹಾದು ಕೆಳಗಿಳಿಯುತ್ತದೆ. ಇದಕ್ಕೆ ಕಾರಣ ತಾಯಿಯ ಗರ್ಭದಲ್ಲಿದೆ. ಪಿಂಡಕ್ಕೆ ಕೆಲವೇ ವಾರಗಳಾಗಿದ್ದಾಗ ವಪೆಯ ಮೂಲ ಕತ್ತಿನ ಮಟ್ಟದಲ್ಲಿರುತ್ತದೆ. ನರ ಆಗಲೇ ಬಂದು ಕೂಡಿಕೊಳ್ಳುತ್ತದೆ. ಆಮೇಲೆ ವಪೆ ಕೆಳಗಿಳಿಯುವಾಗ ನರವನ್ನೂ ಎಳೆದುಕೊಂಡು ಹೋಗುತ್ತದೆ. ಹೆಗಲಿನ ಚರ್ಮದ ನರಗಳು ಬರುವುದೂ ಕತ್ತಿನ ಅದೇ ಭಾಗದಿಂದ. ಹಾಗಾಗಿ ವಪೆ ನೊಂದರೆ ಹೆಗಲು ನೊಂದಂತೆ ಅನ್ನಿಸುತ್ತದೆ. ದುರ್ಬೀನಿನ ಆಪರೇಷನ್ ಮಾಡಿಸಿಕೊಂಡವರು ಮಾರನೇ ದಿನ ಹೆಗಲು ನೋವು ಅನ್ನುವುದಕ್ಕೂ ಇದೇ ಕಾರಣ. ಹೊಟ್ಟೆ ಉಬ್ಬಿಸಲು ತುಂಬಿದ ಗ್ಯಾಸ್ ವಪೆಯನ್ನು ಕೆಣಕಿರುತ್ತದೆ. ಅದು ತಾನಾಗಿ ಹೋಗುತ್ತದೆ.

ಪತ್ತೆ ಹಚ್ಚುವುದಕ್ಕೆ ಒಂದು ಸುಳಿವು ಹೇಳುತ್ತೇನೆ. ಹೆಗಲಿಗೇ ಪೆಟ್ಟಾಗಿದ್ದರೆ ತೋಳು ಎತ್ತಿದಾಗ, ಒತ್ತಿದಾಗ ನೋವು ಹೆಚ್ಚುತ್ತದೆ. ಗುಲ್ಮ ಒಡೆದವರಿಗೆ ತೋಳು ಸಲೀಸಾಗಿ ಆಡುತ್ತದೆ, ಆದರೆ ಅಂಗಾತ ಮಲಗಿದರೆ ಹೆಗಲ ನೋವು ಹೆಚ್ಚುತ್ತದೆ. ಜೊತೆಗೆ ಮುಖ ಬಿಳಿಚಿಕೊಂಡಿದ್ದರೆ, ನಾಡಿ ವೇಗವಾಗಿದ್ದರೆ ತಡ ಮಾಡಬಾರದು. ಗುಲ್ಮದ ಸೀಳು ಕೆಲವು ದಿನ ಸುಮ್ಮನಿದ್ದು ಆಮೇಲೆ ಒಡೆಯುವುದೂ ಇದೆ. ಮರದಿಂದ ಬಿದ್ದವರು ಎದ್ದು ನಡೆದಾಡಿದರು ಅಂತ ನಿರಾಳವಾಗಬೇಡಿ.

ಗುಲ್ಮ ಇಲ್ಲದೆಯೂ ಬದುಕಬಹುದು. ಆದರೆ ನ್ಯುಮೋಕಾಕಸ್‌ನಂಥ ಕೆಲವು ಬ್ಯಾಕ್ಟೀರಿಯಾ ಇವರಿಗೆ ಬಹಳ ಬೇಗ ವಿಷವಾಗುತ್ತವೆ. ಅದಕ್ಕೆ ಲಸಿಕೆಗಳಿವೆ. ಕೊನೆಗೌಡರಿಗೆ ಹಾಕಿಸಿದ್ದಾರಾ ಅಂತ ಡಿಸ್ಚಾರ್ಜ್ ಚೀಟಿ ನೋಡಿ, ಇಲ್ಲದಿದ್ದರೆ ಕೇಳಿ ಹಾಕಿಸಿ. ಜೀವನಪೂರ್ತಿ, ಚಳಿಜ್ವರ ಬಂದರೆ ಅದೇ ದಿನ ಡಾಕ್ಟರ ಹತ್ತಿರ ಹೋಗಬೇಕು, ಗುಲ್ಮ ತೆಗೆದಿದೆ ಅಂತ ಹೇಳಬೇಕು. ಈ ಎರಡು ಮಾತು ಅವರ ಮನೆಯವರಿಗೂ ಗೊತ್ತಿರಲಿ.

ಪ್ರಶ್ನೆ: 12 ವರ್ಷದ ಮಗನಿಗೆ ಹೊಕ್ಕುಳಿನ ಸುತ್ತ ನೋವು ಬಂತು. ಬಟ್ಟಿ ಸರಿದಿದೆ ಅಂತ ಊರಿನ ಅಜ್ಜಿಯೊಬ್ಬರು ಎಣ್ಣೆ ಹಚ್ಚಿ ತಿಕ್ಕಿದರು. ಮರುದಿನ ನೋವು ಬಲಗಡೆ ಕೆಳಗೆ ಇಳಿಯಿತು, ಜ್ವರ ಬಂತು. ಆಸ್ಪತ್ರೆಯಲ್ಲಿ ಅಪೆಂಡಿಕ್ಸ್ ಒಡೆದಿದೆ ಅಂದರು. ಬಟ್ಟಿ ಅನ್ನುವುದು ನಿಜವಾಗಿ ಇದೆಯಾ? ತಿಕ್ಕಿದ್ದರಿಂದಲೇ ನೋವು ಬಲಕ್ಕೆ ಹೋಯಿತಾ?
(ತಾಯಿಯೊಬ್ಬರು, ಕೊಪ್ಪಳ ಜಿಲ್ಲೆ)

ಉತ್ತರ: ತಾಯಿ, ಹೊಕ್ಕುಳಿನ ಹತ್ತಿರ ಜಾರುವಂಥ, ಸರಿಯುವಂಥ ಅಂಗ ಯಾವುದೂ ಇಲ್ಲ. ಬಟ್ಟಿ ನೋಡುವವರ ಬೆರಳಿಗೆ ಅಲ್ಲಿ ಮಿಡಿತ ಸಿಗುವುದು ಮಾತ್ರ ನಿಜ. ಅದು ಹೃದಯದಿಂದ ಇಳಿದು ಬರುವ ದೊಡ್ಡ ರಕ್ತನಾಳ. ಬೆನ್ನುಮೂಳೆಗೆ ಒರಗಿಕೊಂಡು ಬಂದು, ಹೆಚ್ಚು ಕಡಿಮೆ ಹೊಕ್ಕುಳಿನ ಮಟ್ಟದಲ್ಲಿ ಎರಡು ಕಾಲಿಗೆ ಎರಡಾಗಿ ಒಡೆಯುತ್ತದೆ. ತೆಳ್ಳಗಿರುವವರಲ್ಲಿ, ಹೊಟ್ಟೆ ಖಾಲಿ ಇರುವಾಗ ಮಿಡಿತ ಚೆನ್ನಾಗಿ ಸಿಗುತ್ತದೆ. ನಡುಗೆರೆಯಿಂದ ಸ್ವಲ್ಪ ಎಡಕ್ಕೆ ಸಿಕ್ಕರೂ ಅದು ಸಹಜವೇ. ಸರಿದದ್ದಲ್ಲ.

ಅಪೆಂಡಿಕ್ಸ್ ಇರುವುದು ಬಲಗಡೆ ಕೆಳಗೆ, ದೊಡ್ಡ ಕರುಳು ಶುರುವಾಗುವಲ್ಲಿ, ಕಿರುಬೆರಳಿನಂತೆ ಜೋತು ಬಿದ್ದಿರುತ್ತದೆ. ಅದರ ಬಾಯಿ ಕಟ್ಟಿಕೊಂಡರೆ ಒಳಗೆ ಒತ್ತಡ ಏರಿ ಊದುತ್ತದೆ. ಅದರ ನರಗಳು ಬೆನ್ನುಹುರಿಯಲ್ಲಿ ಹೋಗಿ ಸೇರುವುದು ಹೊಕ್ಕುಳಿನ ಚರ್ಮದ ನರಗಳು ಸೇರುವ ಭಾಗಕ್ಕೇ. ಆದ್ದರಿಂದ ಮೊದಲ ಕೆಲವು ಗಂಟೆ ಹೊಕ್ಕುಳಿನ ಸುತ್ತ ಮಂಕಾಗಿ ನೋಯುತ್ತದೆ. ಎಲ್ಲಿ ಅಂತ ಒಂದು ಬೆರಳಿಟ್ಟು ತೋರಿಸಲು ಮಗುವಿಗೆ ಆಗುವುದಿಲ್ಲ. ಆಮೇಲೆ ಉರಿಯೂತ ಅಪೆಂಡಿಕ್ಸಿನ ಗೋಡೆ ದಾಟಿ, ಹೊಟ್ಟೆಯ ಒಳಗೋಡೆಗೆ ಹಾಸಿರುವ ತೆಳು ಪೊರೆಗೆ ತಾಗುತ್ತದೆ. ಆ ಪೊರೆಯ ನರಗಳು ಚರ್ಮದ ನರಗಳಂತೆಯೇ ಜಾಗವನ್ನು ಕರಾರುವಾಕ್ಕಾಗಿ ಹೇಳುತ್ತವೆ. ಆಗ ನೋವು ಬಲಗಡೆಗೆ ಬಂದು ನಿಲ್ಲುತ್ತದೆ. ನಿಮ್ಮ ಮಗನಿಗೆ ಆದದ್ದು ಇದು. ತಿಕ್ಕದೇ ಇದ್ದರೂ ನೋವು ಅಲ್ಲಿಗೇ ಬರುತ್ತಿತ್ತು.

ಕರುಳಿಗೆ ನೋವು ಗೊತ್ತಾಗುವ ರೀತಿಯೇ ವಿಚಿತ್ರ. ಕೆಲವು ರೋಗಿಗಳಿಗೆ ಕರುಳಿನ ಒಂದು ಮಡಿಕೆಯನ್ನು ಹೊಟ್ಟೆಯ ಹೊರಗೆ ತಂದಿಟ್ಟು, ಆಮೇಲೆ ತೆರೆಯಬೇಕಾಗುತ್ತಿತ್ತು. ವಾರ್ಡಿನಲ್ಲೇ, ಅರಿವಳಿಕೆ ಇಲ್ಲದೆ, ಕಾದ ಉಪಕರಣದಿಂದ ಆ ಕರುಳನ್ನು ಸೀಳುತ್ತಿದ್ದೆವು. ರೋಗಿ ನನ್ನ ಜೊತೆ ಮಾತಾಡುತ್ತಲೇ ಇರುತ್ತಿದ್ದರು. ಏನೂ ಗೊತ್ತಾಗುತ್ತಿರಲಿಲ್ಲ. ಅದೇ ರೋಗಿಗೆ ಸಂಜೆ ಕರುಳಿನಲ್ಲಿ ಗಾಳಿ ತುಂಬಿದರೆ ಹಾಸಿಗೆಯಲ್ಲಿ ಹೊರಳಾಡುತ್ತಿದ್ದರು. ಕತ್ತರಿಸಿದರೆ, ಸುಟ್ಟರೆ ಕರುಳು ಕೂಗುವುದಿಲ್ಲ. ಹಿಗ್ಗಿದರೆ, ಹಿಂಡಿದರೆ, ರಕ್ತ ನಿಂತರೆ ಕೂಗುತ್ತದೆ.

ಆ ಅಜ್ಜಿಯ ಮೇಲೆ ಕೋಪ ಬೇಡ. ಮಕ್ಕಳ ಹೊಟ್ಟೆನೋವು ಬಹಳಷ್ಟು ತಾನಾಗಿ ಇಳಿಯುತ್ತದೆ. ತಿಕ್ಕಿದ ಮೇಲೆ ಇಳಿದದ್ದರಿಂದ ಅವರ ಕೈಗುಣದ ಮೇಲೆ ಎಲ್ಲರಿಗೂ ನಂಬಿಕೆ. ಆದರೆ ಇಲ್ಲಿ ಕಳೆದದ್ದು ಒಂದು ಇಡೀ ದಿನ. ಹೊಟ್ಟೆನೋವಿನ ಜೊತೆ ಊಟ ಬೇಡ ಅಂದರೆ, ವಾಂತಿಯಾದರೆ, ಕೆಮ್ಮಿದಾಗ ಬಲಗಡೆ ಚುಚ್ಚಿದರೆ, ಮಗು ಬಗ್ಗಿ ನಡೆದರೆ ತಿಕ್ಕುವುದು ಬೇಡ, ಹರಳೆಣ್ಣೆ ಕುಡಿಸುವುದೂ ಬೇಡ, ಎನಿಮಾನೂ ಬೇಡ. ಸರ್ಜನ್ ಇರುವ ಆಸ್ಪತ್ರೆಗೆ ಕರೆದುಕೊಂಡು ಹೋಗಿ. ಈ ಮಾತನ್ನು ಆ ಅಜ್ಜಿಗೂ ಹೇಳಿ. ಊರಿನ ಮಕ್ಕಳನ್ನು ಮೊದಲು ನೋಡುವವರು ಅವರೇ ತಾನೇ?

ಪ್ರಶ್ನೆ: ಲಾರಿ ಡ್ರೈವರ್ ನಾನು, ವಯಸ್ಸು 45. ಸೊಂಟದ ಹತ್ತಿರ ಬೆನ್ನು ನೋಯುತ್ತದೆ. ಕಿಡ್ನಿ ಹೋಗುತ್ತಿದೆಯೇನೋ ಅಂತ ಭಯ. ಅದಕ್ಕೆ ದಿನಾ ಐದಾರು ಲೀಟರ್ ನೀರು ಕುಡಿಯುತ್ತಿದ್ದೇನೆ. ರಾತ್ರಿ ಮೆಡಿಕಲ್ ಶಾಪಿನಿಂದ ತಂದ ನೋವಿನ ಮಾತ್ರೆ ತೆಗೆದುಕೊಳ್ಳುತ್ತೇನೆ. ಸರಿಯೇ?
(ಓದುಗರು, ತುಮಕೂರು ಜಿಲ್ಲೆ)

ಉತ್ತರ: ಬೆನ್ನುನೋವಿನಿಂದ ನಿಮ್ಮ ಕಿಡ್ನಿಗೆ ಅಪಾಯವಿಲ್ಲ. ಆ ಮಾತ್ರೆಯಿಂದ ಇದೆ. ದಯವಿಟ್ಟು ಇದನ್ನು ಗಂಭೀರವಾಗಿ ತೆಗೆದುಕೊಳ್ಳಿ.

ಕಿಡ್ನಿಗಳು ಸೊಂಟದಲ್ಲಿಲ್ಲ. ಸ್ವಲ್ಪ ಮೇಲೆ, ಕೊನೆಯ ಪಕ್ಕೆಲುಬಿನ ಅಡಿಯಲ್ಲಿ, ಬೆನ್ನುಮೂಳೆಯ ಎರಡು ಪಕ್ಕದಲ್ಲಿವೆ. ಬಗ್ಗಿದಾಗ, ಹೆಚ್ಚು ಹೊತ್ತು ಕೂತಾಗ ಹೆಚ್ಚುವ ಸೊಂಟನೋವು ಸಾಮಾನ್ಯವಾಗಿ ಸ್ನಾಯು ಅಥವಾ ಡಿಸ್ಕಿನದ್ದು. ಕಿಡ್ನಿಯಲ್ಲಿ ಕಲ್ಲಿದ್ದರೆ ಕಥೆ ಬೇರೆ. ಪಕ್ಕೆಯಿಂದ ಹೊರಟ ನೋವು ತೊಡೆಸಂದಿಗೆ, ಗಂಡಸರಲ್ಲಿ ವೃಷಣದವರೆಗೂ ಇಳಿಯುತ್ತದೆ. ಗರ್ಭದಲ್ಲಿ ವೃಷಣಗಳು ಹುಟ್ಟುವುದೇ ಕಿಡ್ನಿಯ ಪಕ್ಕದಲ್ಲಿ. ಕೆಳಗಿಳಿದು ಬಂದರೂ ನರದ ಸಂಬಂಧ ಹಾಗೇ ಉಳಿದಿರುತ್ತದೆ.

ಕಿಡ್ನಿ ಕೆಡುವಾಗ ಬಹುತೇಕ ನೋವೇ ಇರುವುದಿಲ್ಲ. ಒಂದೊಂದರಲ್ಲೂ ಸುಮಾರು 10 ಲಕ್ಷ ಸೋಸುವ ಘಟಕಗಳಿವೆ. ಎರಡೂ ಸೇರಿ ದಿನಕ್ಕೆ ಸುಮಾರು 180 ಲೀಟರ್ ದ್ರವವನ್ನು ಸೋಸುತ್ತವೆ. ಅದರಲ್ಲಿ ನೂರಕ್ಕೆ 99 ಭಾಗವನ್ನು ವಾಪಸ್ ರಕ್ತಕ್ಕೆ ಎಳೆದುಕೊಂಡು, ಒಂದೂವರೆ ಎರಡು ಲೀಟರನ್ನು ಮಾತ್ರ ಮೂತ್ರವಾಗಿ ಬಿಡುತ್ತವೆ. ಕೆಲವು ಘಟಕ ಸತ್ತರೆ ಉಳಿದವು ಅವುಗಳ ಕೆಲಸವನ್ನೂ ಮಾಡುತ್ತವೆ. ಹೆಚ್ಚು ಕಡಿಮೆ ಅರ್ಧ ಶಕ್ತಿ ಹೋಗುವವರೆಗೆ ರಕ್ತದ ಕ್ರಿಯಾಟಿನಿನ್ (ಕಿಡ್ನಿ ಸೋಸಿ ಹೊರಹಾಕುವ ಒಂದು ಕಸ) ಕೂಡ ಏರದೇ ಇರಬಹುದು.

ಡೈಕ್ಲೋಫಿನಾಕ್, ಐಬುಪ್ರೊಫೇನ್ ಥರದ ಮಾತ್ರೆಗಳು ನೋವನ್ನು ತಗ್ಗಿಸುವುದು ಪ್ರೊಸ್ಟಗ್ಲಾಂಡಿನ್ ಅನ್ನುವ ರಾಸಾಯನಿಕವನ್ನು ತಡೆದು. ಮೈಯಲ್ಲಿ ನೀರು ಕಡಿಮೆಯಾದಾಗ ಕಿಡ್ನಿಗೆ ರಕ್ತ ತರುವ ನಾಳವನ್ನು ಅಗಲವಾಗಿ ಇಡುವುದೂ ಅದೇ ರಾಸಾಯನಿಕ. ಬಿಸಿಲಲ್ಲಿ ಬೆವರು ಹರಿಸಿ ಲಾರಿ ಓಡಿಸಿ, ರಾತ್ರಿ ಆ ಮಾತ್ರೆ ನುಂಗಿದರೆ ಕಿಡ್ನಿಗೆ ರಕ್ತವೇ ಸಾಲದೆ ಹೋಗಬಹುದು. ಐದಾರು ಲೀಟರ್ ನೀರು ಕುಡಿದರೆ ಕಿಡ್ನಿ ತೊಳೆದುಹೋಗುತ್ತದೆ ಅನ್ನುವುದೂ ಸುಳ್ಳು. ಬಾಯಾರಿಕೆ ನೋಡಿಕೊಂಡು ಎರಡು ಮೂರು ಲೀಟರ್ ಸಾಕು. ಬಿಸಿಲಿದ್ದರೆ ಇನ್ನಷ್ಟು. ಮಾತ್ರೆ ಬಿಟ್ಟು, ಬೆನ್ನನ್ನು ಮೂಳೆ ಡಾಕ್ಟರಿಗೆ ತೋರಿಸಿ. ಜೊತೆಗೆ ಬಿಪಿ, ಸಕ್ಕರೆ, ಕ್ರಿಯಾಟಿನಿನ್, ಮೂತ್ರದಲ್ಲಿ ಅಲ್ಬುಮಿನ್ ಪರೀಕ್ಷೆ ಮಾಡಿಸಿ. ಕಿಡ್ನಿ ಹೇಗಿದೆ ಅಂತ ಹೇಳುವುದು ಇವೇ.

ಪ್ರಶ್ನೆ: ಸ್ಕ್ಯಾನಿಂಗ್‌ನಲ್ಲಿ ಫ್ಯಾಟಿ ಲಿವರ್ ಅಂತ ಬಂದಿದೆ. ನಾನು ಕುಡಿಯುವುದಿಲ್ಲ. ನೋವೂ ಇಲ್ಲ. ಸುಮ್ನೆ ಬಿಡಬಹುದಾ?
(ಗೃಹಿಣಿ, ಮೈಸೂರು)

ಉತ್ತರ: ಬಿಡಬಾರದು. ಲಿವರ್ ಒಳಗೆ ನೋವಿನ ನರಗಳೇ ಇಲ್ಲ. ಹೊರಗಿನ ಪೊರೆಗೆ ಮಾತ್ರ ಇವೆ. ಲಿವರ್ ಊದಿ ಪೊರೆ ಬಿಗಿಯುವವರೆಗೆ ಏನೂ ಗೊತ್ತಾಗುವುದಿಲ್ಲ. ಕುಡಿಯದಿದ್ದರೂ ಅನ್ನ, ಸಿಹಿ, ಕರಿದ ತಿಂಡಿ ಹೆಚ್ಚಾಗಿ ಓಡಾಟ ಕಡಿಮೆಯಾದರೆ ಉಳಿದ ಸಕ್ಕರೆಯನ್ನು ಲಿವರ್ ಕೊಬ್ಬು ಮಾಡಿ ತನ್ನಲ್ಲೇ ಇಟ್ಟುಕೊಳ್ಳುತ್ತದೆ. ವರ್ಷಗಟ್ಟಲೆ ಹೀಗೇ ನಡೆದರೆ ಕೆಲವರಲ್ಲಿ ಲಿವರ್ ಗಟ್ಟಿಯಾಗುತ್ತದೆ. ತೂಕ ಜಾಸ್ತಿ ಇದ್ದರೆ ನೂರಕ್ಕೆ 7ರಿಂದ 10ರಷ್ಟು ಇಳಿಸಿ. 70 ಕಿಲೋ ಇದ್ದರೆ ಐದರಿಂದ ಏಳು ಕಿಲೋ. ಕೊಬ್ಬು ಕರಗುತ್ತದೆ. ಲಿವರ್‌ನಷ್ಟು ಚೆನ್ನಾಗಿ ಚೇತರಿಸಿಕೊಳ್ಳುವ ಅಂಗ ಇನ್ನೊಂದಿಲ್ಲ. ಅರ್ಧಕ್ಕಿಂತ ಹೆಚ್ಚು ಭಾಗ ದಾನ ಮಾಡಿದವರಲ್ಲೂ ಕೆಲವೇ ತಿಂಗಳಲ್ಲಿ ಹೆಚ್ಚು ಕಡಿಮೆ ಮೊದಲಿನ ಗಾತ್ರಕ್ಕೆ ಬೆಳೆಯುತ್ತದೆ. ಲಿವರ್ ಕ್ಲೀನ್ ಮಾಡುವ ಟಾನಿಕ್‌ಗಳಿಗೆ ದುಡ್ಡು ಸುರಿಯಬೇಡಿ. ನಡೆಯಿರಿ.

ಪ್ರಶ್ನೆ: ಆಂಟಿ, ನಾನು 9ನೇ ಕ್ಲಾಸ್. ಜಠರದ ಆಸಿಡ್ ಅಷ್ಟು ಸ್ಟ್ರಾಂಗ್ ಇದ್ದರೂ ಜಠರ ತಾನೇ ಯಾಕೆ ಕರಗುವುದಿಲ್ಲ? ನಮ್ಮ ಅಜ್ಜಿಗೆ ಅಲ್ಸರ್ ಆಗಿದೆ. ಮಂಡಿ ನೋವಿಗೆ ಮಾತ್ರೆ ತಗೋತಾರೆ.
(ವಿದ್ಯಾರ್ಥಿನಿ, ಚನ್ನಗಿರಿ)

ಉತ್ತರ: ಪುಟ್ಟಿ, ಎಂಥ ಒಳ್ಳೆಯ ಪ್ರಶ್ನೆ ಕೇಳಿದ್ದೀಯ! ನಿನ್ನ ಪತ್ರದ ಕೊನೆಯ ಸಾಲಿನಲ್ಲೇ ಅಜ್ಜಿಯ ಅಲ್ಸರಿನ ಕಾರಣವೂ ಇರಬಹುದು.

ಜಠರದಲ್ಲಿರುವುದು ಹೈಡ್ರೋಕ್ಲೋರಿಕ್ ಆಸಿಡ್. ಪಿಹೆಚ್ (ಕಡಿಮೆಯಾದಷ್ಟೂ ಆಸಿಡ್ ಜೋರು, 7 ಅಂದರೆ ತಟಸ್ಥ) ಒಂದೂವರೆ ಎರಡರ ಸುಮಾರು. ಒಳಗೋಡೆಯ ಮೇಲೆ ಲೋಳೆಯ ಪದರ ಒಂದು ಹರಡಿಕೊಂಡಿರುತ್ತದೆ. ಗೋಡೆಯ ಜೀವಕೋಶಗಳು ಆ ಲೋಳೆಯೊಳಕ್ಕೆ ಬೈಕಾರ್ಬನೇಟ್ ಬಿಡುತ್ತವೆ. ನೀನು ಸೈನ್ಸ್ ಪುಸ್ತಕದಲ್ಲಿ ಓದಿರುವ ತಟಸ್ಥೀಕರಣ ನಿನ್ನ ಹೊಟ್ಟೆಯಲ್ಲೇ ನಡೆಯುತ್ತಿದೆ. ಲೋಳೆಯ ಈಚೆ ಸುಡುವ ಆಸಿಡ್, ಆಚೆ ಗೋಡೆಯ ಹತ್ತಿರ ಪಿಹೆಚ್ ಹತ್ತಿರ ಹತ್ತಿರ 7. ಮೇಲಿನ ಪದರದ ಜೀವಕೋಶಗಳೂ ಕೆಲವೇ ದಿನಕ್ಕೊಮ್ಮೆ ಪೂರಾ ಹೊಸದಾಗುತ್ತವೆ.

ಈ ಕಾವಲು ಸಡಿಲಾದರೆ ಅಲ್ಸರ್, ಅಂದರೆ ಗೋಡೆಯಲ್ಲಿ ಹುಣ್ಣು. ಮುಖ್ಯ ಕಾರಣ ಎರಡು. ಒಂದು, ಹೆಲಿಕೋಬ್ಯಾಕ್ಟರ್ ಪೈಲೋರಿ ಅನ್ನುವ ಬ್ಯಾಕ್ಟೀರಿಯಾ. ಆಸ್ಟ್ರೇಲಿಯಾದ ಪರ್ತ್‌ನಲ್ಲಿ ಬ್ಯಾರಿ ಮಾರ್ಷಲ್, ರಾಬಿನ್ ವಾರೆನ್ ಇದನ್ನು ಪತ್ತೆ ಮಾಡಿದರು. ಆಸಿಡ್‌ನಲ್ಲಿ ಬ್ಯಾಕ್ಟೀರಿಯಾ ಬದುಕುತ್ತದೆ ಅಂದರೆ ಯಾರೂ ಒಪ್ಪಲಿಲ್ಲ. ಮಾರ್ಷಲ್ 1984ರಲ್ಲಿ ಆ ಬ್ಯಾಕ್ಟೀರಿಯಾವನ್ನು ತಾನೇ ಕುಡಿದು, ಜಠರದ ಉರಿಯೂತ ಬರಿಸಿಕೊಂಡು ತೋರಿಸಿದರು. 2005ರಲ್ಲಿ ಇಬ್ಬರಿಗೂ ನೊಬೆಲ್ ಬಂತು. ಈಗ ಅದಕ್ಕೆ ಪರೀಕ್ಷೆಯೂ ಇದೆ, ಆಂಟಿಬಯೋಟಿಕ್ ಚಿಕಿತ್ಸೆಯೂ ಇದೆ.

ಎರಡನೆಯದು ನೋವಿನ ಮಾತ್ರೆ. ಮೇಲೆ ಡ್ರೈವರ್ ಅಣ್ಣನಿಗೆ ಬರೆದದ್ದನ್ನು ಓದು. ಅಲ್ಲಿ ಹೇಳಿದ ಪ್ರೊಸ್ಟಗ್ಲಾಂಡಿನ್‌ ಈ ಲೋಳೆಯನ್ನೂ ಮಾಡಿಸುತ್ತದೆ. ಮಾತ್ರೆ ಅದನ್ನು ತಡೆದರೆ ಲೋಳೆ ತೆಳುವಾಗುತ್ತದೆ. ವಯಸ್ಸಾದವರಲ್ಲಿ ಹೊಟ್ಟೆ ನೋಯದೆಯೇ ಅಲ್ಸರ್‌ನಿಂದ ರಕ್ತ ಸೋರಬಹುದು. ಅಜ್ಜಿ ತೆಗೆದುಕೊಳ್ಳುವ ಎಲ್ಲ ಮಾತ್ರೆಗಳ ಹೆಸರನ್ನು ಒಂದು ಚೀಟಿಯಲ್ಲಿ ಬರೆದು, ಅಮ್ಮನ ಕೈಯಲ್ಲಿ ಡಾಕ್ಟರಿಗೆ ಕೊಡಿಸು. ಅಜ್ಜಿಗೆ ಮಲ ಟಾರಿನ ಬಣ್ಣಕ್ಕೆ ತಿರುಗಿ ಅಂಟಂಟಾಗಿ ಹೋದರೆ ಅದೇ ದಿನ ಆಸ್ಪತ್ರೆಗೆ ಹೋಗಬೇಕು. ಕಬ್ಬಿಣದ ಮಾತ್ರೆ ನುಂಗುವವರಿಗೂ ಮಲ ಕಪ್ಪಾಗುತ್ತದೆ. ಅಜ್ಜಿ ಅದನ್ನೂ ತೆಗೆದುಕೊಳ್ಳುತ್ತಿದ್ದರೆ ಚೀಟಿಯಲ್ಲಿ ಬರೆಯುವುದನ್ನು ಮರೆಯಬೇಡ.